ಸಕ್ಕರೆ ಇಲ್ಲದ ಚಹಾ

ನಾನು ಯಾರನ್ನೂ ಸುಮ್ಮನೆ ನಂಬುವವನಲ್ಲ. ಶಿಗ್ಗಾಂವಿಯ ಸಂತೆಯಲ್ಲಿ ಮುದುಕಿಯೊಬ್ಬಳು ‘ಈಗ ಕಿತ್ತ ಮೆಂತ್ಯೆರಿ’ ಎಂದರೆ ಸೊಪ್ಪು ಬಿಟ್ಟು ಅವಳ ಕಣ್ಣು ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವನು ‘ಎಲ್ಲಿಗೆ ಹೊಂಟ್ರಿ?’ ಎಂದು ಕೇಳಿದರೆ, ಇವನಿಗೇಕೆ ಬೇಕು ಎಂದು ಯೋಚಿಸಿ ಬೇರೆ ಊರಿನ ಹೆಸರು ಹೇಳುತ್ತೇನೆ. ಹುಟ್ಟುಗುಣವಲ್ಲ ಇದು, ಉದ್ಯೋಗ ಹಚ್ಚಿದ ಚಟ. ಹನ್ನೆರಡು ವರ್ಷದಿಂದ ಪೋಕರ್ ಎಂಬ ಇಸ್ಪೀಟಾಟ ಆಡಿ ಹೊಟ್ಟೆ ಹೊರೆಯುತ್ತಿದ್ದೇನೆ.

ತಿಂಗಳಲ್ಲಿ ಮೂರು ವಾರ ಗೋವಾದಲ್ಲಿ, ನದಿಯ ಮೇಲೆ ನಿಂತ ಹಡಗಿನ ಕ್ಯಾಸಿನೊದಲ್ಲಿ ಕೂರುತ್ತೇನೆ. ಒಂದು ವಾರ ಮನೆ. ಆಟ ಬಹಳ ಸರಳ. ನಡುವೆ ಐದು ಎಲೆ, ಎಲ್ಲರಿಗೂ ಕಾಣುತ್ತವೆ. ಪ್ರತಿಯೊಬ್ಬನ ಕೈಯಲ್ಲಿ ಎರಡು ಎಲೆ, ಅವನಿಗೆ ಮಾತ್ರ ಕಾಣುತ್ತವೆ. ಎದುರಿನವನ ಉಸಿರು, ಬೆರಳು, ಕತ್ತು ನೋಡಿ ಆ ಎರಡನ್ನು ಊಹಿಸಿ ಹಣ ಕಟ್ಟಬೇಕು. ಊಹೆ ಸರಿಯಾದ ತಿಂಗಳು ಊಟ, ತಪ್ಪಿದ ತಿಂಗಳು ಕೂಡಿಟ್ಟದ್ದು ಕರಗುತ್ತದೆ.

ಮನೆಯವರನ್ನು ಬಿಟ್ಟರೆ ಊರಲ್ಲಿ ಇದು ಯಾರಿಗೂ ಗೊತ್ತಿಲ್ಲ. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಪ್ಪ, ಗಿರಾಕಿಗಳು ಕೇಳಿದಾಗಲೆಲ್ಲ ‘ಮಗಾ ಗೋವಾದಾಗ ಹೋಟೆಲ್ ಲೈನಿನ್ಯಾಗ ಅದಾನ್ರಿ’ ಎನ್ನುತ್ತಾನೆ. ಒಮ್ಮೆ ನಾನು ಮುಖ ಸಿಂಡರಿಸಿದ್ದಕ್ಕೆ ರೇಗಿದ್ದ. ‘ಇಸ್ಪೀಟ್ ಆಡ್ತಾನ ಅಂತ ಡಂಗುರ ಹೊಡೀಲೇನು? ನಿನ್ನ ತಂಗೀನ ಯಾರು ಮಾಡ್ಕೊಂತಾರೋ ಮಾರಾಯ?’ ತಂಗಿ ಹಿರೇಕೆರೂರಿನಲ್ಲಿ ಕಾಲೇಜಿನ ಮಾಸ್ತರಿಣಿ. ಮೂವತ್ತು ದಾಟಿದ್ದಳು. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ಮುರಿದು ಹೋಗಿದ್ದವು, ಅವುಗಳಲ್ಲಿ ಎಷ್ಟು ನನ್ನಿಂದ ಮುರಿದವೋ ನನಗೇ ಗೊತ್ತಿಲ್ಲ.

ಕಳೆದ ವರ್ಷ ಬಂಕಾಪುರದ ನಮ್ಮ ಸೋದರಮಾವ ಒಂದು ಸಂಬಂಧ ತಂದರು. ಹುಡುಗ ಹಿರೇಕೆರೂರಿನಲ್ಲೇ ದನದ ಡಾಕ್ಟರ್, ಮನೆ ರಟ್ಟೀಹಳ್ಳಿ. ಹೆಣ್ಣು ನೋಡಲು ಬರುವ ದಿನ ಬೆಳಿಗ್ಗೆ ನಾನು ಗಡ್ಡ ಹೆರೆಯುತ್ತಿದ್ದೆ. ಅಪ್ಪ ಬಂದು ಹಿಂದೆ ನಿಂತ. ಕನ್ನಡಿಯಲ್ಲೇ ನನ್ನ ನೋಡಿ ಹೇಳಿದ: ‘ಊರ ಮಂದಿ ಮಾರಿ ಓದಿ ಜೀವನಾ ಮಾಡ್ತೀಯಲ್ಲ, ಇವತ್ತ ಆ ಹುಡುಗನ ಮಾರಿ ಓದು. ನಿನ್ನ ಕಣ್ಣಿಗೆ ಬಂದ್ರ ಆತು. ಇಲ್ಲಾಂದ್ರ ಇಲ್ಲ.’

ಹನ್ನೆರಡು ವರ್ಷದಲ್ಲಿ ಅಪ್ಪ ನನ್ನ ಕೆಲಸಕ್ಕೆ ಬೆಲೆ ಕೊಟ್ಟದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ಕಣ್ಣು ತೇವವಾದವು. ಅರ್ಧ ಹೆರೆದ ಗಡ್ಡದಲ್ಲಿ ‘ಹ್ಞೂಂ’ ಎಂದೆ.

ಹುಡುಗ, ಅವನ ಅಪ್ಪ, ನಮ್ಮ ಮಾವ, ಮೂವರು ಬಂದರು. ನಾನು ಹುಡುಗನ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತೆ. ಉಪ್ಪಿಟ್ಟು ಶಿರಾ ಆಯಿತು. ತಂಗಿ ಚಹಾ ತಂದಳು. ಅವನ ಮುಂದೆ ಬಂದಾಗ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಹಿಡಿದಳು, ಅವನು ಹತ್ತಿರಕ್ಕೆ ಬಂದ ಕಪ್ಪು ತೆಗೆದುಕೊಂಡ. ಅವನ ಕೈಯಲ್ಲಿ ಕಪ್ಪು-ಬಸಿ ಗಡಗಡ ಎಂದವು. ಹೆಣ್ಣು ನೋಡಲು ಬಂದವನು ಹೆಣ್ಣಿನ ಕಡೆ ಒಮ್ಮೆಯೂ ತಲೆ ಎತ್ತಲಿಲ್ಲ! ಇದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

‘ಒಂದ ಊರಾಗ ಕೆಲಸಾ ಮಾಡ್ತೀರಿ, ನಮ್ಮ ತಂಗೀನ ಮೊದಲ ಎಲ್ಲೆರೆ ನೋಡಿದ್ರೇನ್ರಿ?’ ಎಂದು ಕೇಳಿದೆ.

‘ಇಲ್ರಿ’ ಎಂದ. ಕಿವಿ ಕೆಂಪಾದವು, ಚಹಾ ಇದ್ದರೂ ನೀರಿನ ಲೋಟಕ್ಕೆ ಕೈ ಹಾಕಿದ.

ಅಷ್ಟರಲ್ಲಿ ಅವನ ಅಪ್ಪ ನನ್ನ ಕಡೆ ತಿರುಗಿ, ‘ನೀವು ಗೋವಾದಾಗ ಯಾವ ಹೋಟೆಲಿನ್ಯಾಗ ಅದೀರಿ? ನಮ್ಮ ಅಳಿಯಾ ವಾರಕ್ಕೊಮ್ಮೆ ಅಲ್ಲೇ ಹೋಗ್ತಾನ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗ ಎದ್ದು ನಿಂತ. ‘ಅಪ್ಪಾ, ಗಾಡಿ ಬಿಸಲಾಗ ನಿಂತೈತಿ. ಕೀಲಿ ನಿಮ್ಮ ಕಿಸೆದಾಗ ಐತೇನು ನೋಡ್ರಿ.’ ಮುದುಕರು ಕಿಸೆ ತಡಕಿದರು. ಕೀಲಿ ಅವನ ಕೈಯಲ್ಲೇ ಇತ್ತು. ಅದು ನನಗೆ ಕಾಣುತ್ತಿತ್ತು. ಸಿಕ್ಕಿದೆಯಲ್ಲೋ ಮಗನೇ ಎಂದುಕೊಂಡೆ. ವಿಚಾರಣೆ ಬೆಳೆದರೆ ತನ್ನದೇನೋ ಹೊರಬೀಳುತ್ತದೆ ಎಂದು ಮಾತು ಕತ್ತರಿಸುತ್ತಿದ್ದಾನೆ. ಹೆಣ್ಣೋ, ಕುಡಿತವೋ, ಹೇಳದೆ ಇಟ್ಟ ಬೇನೆಯೋ, ಒಟ್ಟು ಏನೋ ಒಂದು ಒಳಗಿದೆ.

ಅವರು ಹೋದ ಮೇಲೆ ಅಪ್ಪ ಹುಬ್ಬು ಹಾರಿಸಿದ. ‘ಬ್ಯಾಡಪ್ಪಾ’ ಎಂದೆ. ‘ಏನೋ ಮುಚ್ಚಿಡಾಕತ್ತಾನ. ಬರದು ಕೊಡ್ತೇನಿ ಬೇಕಾರ.’

ಅಪ್ಪ ಕೂಡಲೇ ಮಾವನಿಗೆ ಫೋನು ಹಚ್ಚಿ ಸಂಬಂಧ ಬೇಡವೆಂದ. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟ. ತಂಗಿ ಕಪ್ಪು-ಬಸಿಗಳನ್ನು ತೊಳೆದಿಟ್ಟು, ಅವ್ವ ತಡೆದರೂ ಕೇಳದೆ, ಮುಂದಿನ ಬಸ್ಸಿಗೆ ಹಿರೇಕೆರೂರಿಗೆ ಹೊರಟು ಹೋದಳು.

ಮೂರು ವಾರ ಬಿಟ್ಟು ನಾನು ಗೋವಾದಿಂದ ಮರಳಿದಾಗ, ತಂಗಿ ಒಂದು ಭಾನುವಾರವೂ ಮನೆಗೆ ಬಂದಿರಲಿಲ್ಲ. ‘ಪೇಪರ್ ತಿದ್ದೋದೈತಂತ’ ಎಂದಳು ಅವ್ವ. ಕಾಲೇಜು ಶುರುವಾಗಿ ತಿಂಗಳೂ ಆಗಿಲ್ಲ, ಎಂಥ ಪೇಪರ್? ಬೇಡವೆಂದ ಸಿಟ್ಟಿಗೆ ಆ ಡಾಕ್ಟರ್ ಇವಳ ಬೆನ್ನು ಹತ್ತಿರಬೇಕು ಎಂದು ನನ್ನ ತಲೆ ಓಡಿತು. ಮಾರನೆಯ ದಿನ ಯಾರಿಗೂ ಹೇಳದೆ ಹಿರೇಕೆರೂರಿಗೆ ಹೋಗಿ, ಕಾಲೇಜಿನ ಎದುರಿನ ಚಹಾದಂಗಡಿಯಲ್ಲಿ ಪೇಪರು ಅಡ್ಡ ಹಿಡಿದು ಕುಳಿತೆ. ಯಾರು ಬರುತ್ತಾರೆ, ಯಾರು ಇಣುಕುತ್ತಾರೆ ನೋಡೋಣವೆಂದು.

ತಂಗಿಯೇ ಬಂದಳು. ರಸ್ತೆ ದಾಟಿ ನೆಟ್ಟಗೆ ನನ್ನ ಬಳಿಗೆ.

‘ಎರಡು ತಾಸಾತು ಕುಂತು. ನನ್ನ ಕ್ಲಾಸಿನ ಕಿಡಕ್ಯಾಗಿಂದ ಎಲ್ಲಾ ಕಾಣತೈತಿ. ಪೇಪರ್ ತಲಿಕೆಳಗ ಹಿಡಕೊಂಡಿ’ ಎಂದಳು.

ತಲೆಕೆಳಗೇನೂ ಇರಲಿಲ್ಲ. ಆದರೂ ಗಾಬರಿಯಾಗಿ ನೋಡಿದೆ. ಅವಳು ನಗಲಿಲ್ಲ. ಎದುರಿನ ಬೆಂಚಿನ ಮೇಲೆ ಕುಳಿತಳು.

‘ಅವತ್ತ ಸುಳ್ಳು ಹಿಡದಿ, ಖರೆ. ಆದ್ರ ಆ ಸುಳ್ಳು ನಂದು. ಎರಡು ವರ್ಷದಿಂದ ನಾನೂ ಡಾಕ್ಟರೂ ಒಬ್ಬರನ್ನೊಬ್ಬರು ಬಲ್ಲಿವಿ. ನಾವ ನೋಡ್ಕೊಂಡೇವಿ ಅಂದ್ರ ಅಪ್ಪ ಒಪ್ಪೂದಿಲ್ಲಂತ, ಮಾವನ ಕಾಲು ಹಿಡದು ಮಾವನ ಕೈಲೇ ಸಂಬಂಧ ಹೇಳಿಸಿದೆ. ಗುರ್ತು ಇಲ್ಲದವರಂಗ ಇರ್ರಿ ಅಂತ ನಾನ ಹೇಳಿದ್ದೆ. ಪಾಪ, ಅವರಿಗೆ ನಾಟಕ ಬರೂದಿಲ್ಲ.’

ಏನೋ ಹೇಳಬೇಕೆಂದು, ‘ಮತ್ತ ಆ ಕೀಲಿ?’ ಎಂದೆ.

‘ನೀ ಏನ್ ಕೆಲಸಾ ಮಾಡ್ತಿ ಅಂತ ಅವರಿಗೆ ಮೊದಲಿಂದ ಗೊತ್ತು, ನಾನ ಹೇಳೇನಿ. ಅವರ ಅಪ್ಪಗ ಗೊತ್ತಿರಲಿಲ್ಲ. ಹೋಟೆಲ್ ಹೆಸರು ಕೇಳಿದ ಕೂಡ್ಲೆ ನೀ ಸಿಕ್ಕಿ ಬೀಳ್ತಿ ಅಂತ ಅವರಿಗೆ ಜೀವ ಹೋದಂಗ ಆತಂತ. ನಿನ್ನ ಮರ್ಯಾದಿ ಉಳಸಾಕ ಎದ್ದು ನಿಂತರು.’

ಅಯ್ಯೋ ಶಿವನೇ! ನನ್ನ ಸುಳ್ಳನ್ನು ಕಾಯಲು ಅವನು ಆಡಿದ ಸುಳ್ಳನ್ನು ಹಿಡಿದು ನಾನು ಬೀಗಿದ್ದೆ.

‘ನಾ ಚಹಾದ ತಟ್ಟಿ ತಿರುವಿದ್ನಲ್ಲ, ಯಾಕ ಅಂತ ಗೊತ್ತೇನು?’ ಎಂದಳು. ‘ಅವರು ಸಕ್ಕರಿ ಹಾಕಿದ್ದು ಕುಡಿಯೂದಿಲ್ಲ. ಅದೊಂದು ಕಪ್ಪಿಗೆ ನಾ ಹಾಕಿರಲಿಲ್ಲ. ಎದರಿಗೆ ಕುಂತಿದ್ದಿ. ನನ್ನ ಮಾರಿ ಒಮ್ಮೆರೆ ನೋಡಿದ್ರ ಎಲ್ಲಾ ತಿಳೀತಿತ್ತು.’

ನೋಡಿರಲಿಲ್ಲ. ಮೇಜಿಗೆ ಕೂತಾಗ ಎಲೆ ಹಿಡಿದವರನ್ನಷ್ಟೇ ನೋಡುವುದು ನಮ್ಮ ಅಭ್ಯಾಸ. ಚಹಾ ತಂದುಕೊಡುವವರ ಮುಖವನ್ನು ಯಾರೂ ನೋಡುವುದಿಲ್ಲ. ನನ್ನ ತಂಗಿಯ ಮದುವೆಯ ಮಾತಿನಲ್ಲಿ ನನ್ನ ತಂಗಿಯ ಕೈಯಲ್ಲೂ ಎಲೆಗಳಿವೆ ಎಂದು ನನಗೆ ಹೊಳೆಯಲೇ ಇಲ್ಲ. ಅಷ್ಟೇ ಅಲ್ಲ, ದೊಡ್ಡ ಎಲೆ ಬಂದವನ ಕೈಯೇ ನಡುಗುವುದು, ಸುಳ್ಳಾಡುವವನು ಕಲ್ಲಿನಂತೆ ಕೂರುತ್ತಾನೆ ಎಂಬುದು ನನಗೆ ಹನ್ನೆರಡು ವರ್ಷದಿಂದ ಗೊತ್ತಿರುವ ಪಾಠ. ಅವತ್ತು ಆ ಕೋಣೆಯಲ್ಲಿ ಕಲ್ಲಿನಂತೆ ಕೂತವನು ನಾನೊಬ್ಬನೇ.

‘ಈಗೇನು?’ ಎಂದೆ.

‘ಈಗೇನೂ ಇಲ್ಲ. ಮನಿಗೆ ಕರದು, ಉಪ್ಪಿಟ್ಟು ತಿನಿಸಿ, ಬ್ಯಾಡ ಅಂದೀರಿ. ಅವರ ಅಪ್ಪ ಬ್ಯಾರೆ ಕಡೆ ನೋಡಾಕತ್ತಾರಂತ. ಬಿಡು’ ಎಂದು ಎದ್ದು ಹೋದಳು. ಬೆಲ್ಲು ಹೊಡೆದಿತ್ತು.

ಆ ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ತಂಗಿಗೆ ಬೈಯುತ್ತಾನೆ ಎಂದುಕೊಂಡಿದ್ದೆ. ಅಪ್ಪ ತಕ್ಕಡಿಯ ಮೇಲಿನ ಧೂಳನ್ನು ಪೂರ್ತಿ ಒರೆಸಿದ. ‘ಒಮ್ಮೆ ನಿನ್ನ ನಂಬಿದ್ದೆ’ ಎಂದ ಕೊನೆಗೆ. ‘ನಾಳೆ ಹೋಗು ರಟ್ಟೀಹಳ್ಳಿಗೆ. ನೀನ ಕೆಡಸೀದಿ, ನೀನ ಮಾತಾಡು. ಹೋಟೆಲ್ ಸುದ್ದಿನೂ ಹೇಳಿಬಿಡು. ನನಗೂ ಸಾಕಾಗೇತಿ.’

ರಟ್ಟೀಹಳ್ಳಿಯಲ್ಲಿ ಹುಡುಗನ ಅಪ್ಪ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಬರ್ರಿ ಎನ್ನಲಿಲ್ಲ. ಭಾನುವಾರವಾದ್ದರಿಂದ ಡಾಕ್ಟರೂ ಮನೆಯಲ್ಲಿದ್ದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ. ನಾನು ನಿಂತುಕೊಂಡೇ ಹೇಳಿದೆ. ಹೋಟೆಲ್ ಇಲ್ಲ, ಇಸ್ಪೀಟು ಆಡಿ ಬದುಕುತ್ತೇನೆ, ನಿಮ್ಮ ಮಗನನ್ನು ಕಳ್ಳನೆಂದು ತಿಳಿದೆ, ತಪ್ಪಾಯಿತು. ಒಳಗಿನಿಂದ ಚಹಾ ಬಂತು. ತೆಗೆದುಕೊಂಡೆ. ನನ್ನ ಕೈಯಲ್ಲಿ ಕಪ್ಪು-ಬಸಿ ಗಡಗಡ ಎಂದವು. ಮುದುಕರು ಅದನ್ನೇ ನೋಡುತ್ತಿದ್ದರು.

‘ಅವತ್ತ ಹೋಟೆಲ್ ಅಂದ್ರಿ. ಇವತ್ತ ಇಸ್ಪೀಟ್ ಅಂತೀರಿ’ ಎಂದರು. ‘ನಿಮ್ಮ ಮಾತಿನ್ಯಾಗ ಯಾವುದನ್ನ ನಂಬೂದ್ರಿ ನಾನು? ಹೋಗ್ಲಿ. ನಿಮ್ಮ ತಂಗಿ ಏನಂತಾಳ? ಅಕಿನ್ನ ಕೇಳಿರೇನು?’

ಕೇಳಿದ್ದೇನೆಂದು ಹೇಳಲು ಬಾಯಿ ತೆರೆದೆ. ಕೇಳಿರಲಿಲ್ಲ. ಚಹಾದಂಗಡಿಯಲ್ಲಿ ಅವಳೇ ಹೇಳಿದ್ದಳು, ನಾನು ಕೀಲಿಯ ವಿಷಯ ಕೇಳಿದ್ದೆ. ಅಪ್ಪ ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ. ಹುಡುಗನ ಮುಖ ಓದಲು ನನ್ನನ್ನು ಕೂರಿಸಿದ್ದರು, ಅಷ್ಟೇ.

‘ಇಲ್ರಿ’ ಎಂದೆ.

‘ಈಗ ಕೇಳ್ರಿ. ಸ್ಪೀಕರ್ ಹಚ್ರಿ. ನನಗ ನಿಮ್ಮ ಮ್ಯಾಲೆ ನಂಬಿಗಿಲ್ಲ.’

ಫೋನು ಹಚ್ಚಿದೆ. ‘ನಾನು ರಟ್ಟೀಹಳ್ಳ್ಯಾಗ ಅವರ ಮನ್ಯಾಗ ಅದೇನವಾ. ಎಲ್ಲಾರೂ ಕೇಳಾಕತ್ತಾರ. ಮನಸಿಲ್ಲಾಂದ್ರ ಫೋನ್ ಇಟ್ಟುಬಿಡು, ಯಾರೂ ಏನೂ ಅನ್ನೂದಿಲ್ಲ’ ಎಂದೆ. ‘ಅವರು ನಿನಗ ಬೇಕೇನು?’

ಫೋನಿನಲ್ಲಿ ನೋಡಲು ಮುಖವಿಲ್ಲ, ಬೆರಳಿಲ್ಲ, ಕತ್ತಿಲ್ಲ. ಊಹಿಸಲು ಏನೂ ಇರಲಿಲ್ಲ. ಬಾಗಿಲಲ್ಲಿ ಡಾಕ್ಟರ್ ಚೌಕಟ್ಟು ಹಿಡಿದು ನಿಂತಿದ್ದ. ನಾನು ಸುಮ್ಮನೆ ಕಾದೆ.

‘ಬೇಕಣ್ಣಾ’ ಎಂದಳು ತಂಗಿ. ‘ಮೊದಲ ಕೇಳಿದ್ರ ಮೊದಲ ಹೇಳ್ತಿದ್ದೆ.’