ಮೀನಿಗೆ ಹಳೆಯ ನೀರು

ನಾನು ಹಿರಿಯೂರಿನಲ್ಲಿ ನರ್ಸ್ ಆಗಿದ್ದಾಗ ಮನೆಯಲ್ಲಿ ನನ್ನ ಜೊತೆಗಿದ್ದದ್ದು ಗಾಜಿನ ಬೋಗುಣಿಯ ಒಂದು ಗೋಲ್ಡ್ ಫಿಶ್ ಮಾತ್ರ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಬೋಗುಣಿಯನ್ನು ತಿಕ್ಕಿ ತೊಳೆದು, ಹೊಸದಾಗಿ ನಲ್ಲಿ ನೀರು ತುಂಬುತ್ತಿದ್ದೆ. ಶುಚಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಒಂದು ದಿನ ಮೀನು ರೆಕ್ಕೆ ಮುದುರಿಕೊಂಡು ತಳದಲ್ಲಿ ಓರೆಯಾಗಿ ಬಿದ್ದಿತ್ತು.

ಅದನ್ನು ಮಾರಿದ್ದ ಸಾಹೇಬರ ಅಂಗಡಿ ಚಿತ್ರದುರ್ಗದಲ್ಲಿತ್ತು. ಬಸ್ಸು ಹತ್ತಿ ಹೋಗಿ ಔಷಧಿ ಕೇಳಿದೆ. ಅವರು ಕೊಡಲಿಲ್ಲ.

"ನೀರು ಎಷ್ಟು ದಿನಕ್ಕೊಂದ್ಸಲ ಬದ್ಲಾಯಿಸ್ತೀರಿ?" ಎಂದರು.

"ದಿನಾ, ಪೂರ್ತಿ."

"ಅದೇ ಕಾಯಿಲೆ, ಸಿಸ್ಟರ್. ನಲ್ಲಿ ನೀರಾಗೆ ಕ್ಲೋರಿನ್ ಐತೆ. ಒಂದು ದಿನ ಬಕೆಟ್‌ನಾಗೆ ಇಟ್ಟು ಆಮೇಲೆ ಹಾಕ್ರಿ. ಬೋಗುಣಿ ಸಾಲಲ್ಲ, ದೊಡ್ಡ ಟ್ಯಾಂಕ್ ತಗಳ್ರಿ. ವಾರಕ್ಕೊಂದ್ಸಲ ಕಾಲು ಭಾಗ ನೀರು ಬದ್ಲಾಯಿಸಿದ್ರೆ ಸಾಕು. ಮೂರು ದಿನ ತಿನ್ನಾಕೆ ಏನೂ ಹಾಕಬ್ಯಾಡ್ರಿ."

ಟ್ಯಾಂಕ್ ತಂದೆ. ಗಾಜಿನ ಮೇಲೆ ತೆಳುವಾಗಿ ಪಾಚಿ ಕಟ್ಟುತ್ತಿದ್ದರೂ ತಿಕ್ಕದೆ ಸುಮ್ಮನಿರುವುದು ನನಗೆ ಕಷ್ಟವಾಯಿತು. ಐದನೆಯ ದಿನ ಮೀನು ನೆಟ್ಟಗಾಯಿತು. ಹತ್ತನೆಯ ದಿನ ಗಾಜಿಗೆ ಬೆರಳಿಟ್ಟೆ; ಅದು ಬೆರಳಿನ ಕಡೆಗೇ ಈಜಿ ಬಂತು. ಅವತ್ತು ಡ್ಯೂಟಿಗೆ ತಡವಾಗಿ ಹೋದೆ. ಕಾರಣ ಯಾರಿಗೂ ಹೇಳಲಿಲ್ಲ.