ಬ್ಯೂಟಿ ಪಾರ್ಲರಿನಲ್ಲಿ ಭಾವನ ಹಿಮ್ಮಡಿ

ನಮ್ಮ ಭಾವ ತಮ್ಮ ಬಲಗಾಲಿನ ಹಿಮ್ಮಡಿಯನ್ನು ತಾವೇ ಸುಟ್ಟುಕೊಂಡರು. ಆಮೇಲೆ ಅದನ್ನು ಒಂದು ಸಾಧನೆ ಎಂಬಂತೆ ಊರಿಡೀ ಹೇಳಿಕೊಂಡು ಬಂದರು.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನಮ್ಮ ಕಡೆ ಹಿಮ್ಮಡಿ ಒಡೆದರೆ ಗೇರೆಣ್ಣೆ ಹಚ್ಚುತ್ತಾರೆ. ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಕಪ್ಪನೆಯ ಮಂದ ಎಣ್ಣೆ. ಬಿಸಿ ಮಾಡಿ ಬಿರುಕಿಗೆ ಬಿಟ್ಟರೆ ಚರ್ಮ ಸುಟ್ಟು ಗಟ್ಟಿಯಾಗುತ್ತದೆ, ಬಿರುಕು ಮುಚ್ಚುತ್ತದೆ. ಹಚ್ಚಿಸಿಕೊಂಡವರು ಕಂಬ ಹಿಡಿದುಕೊಂಡು ಅರಚುತ್ತಾರೆ. ಅರಚದೆ ಹಚ್ಚಿಸಿಕೊಂಡವನು ಗಂಡಸು ಎಂದು ಲೆಕ್ಕ. (ಹೆಂಗಸರು ಮೊದಲಿನಿಂದಲೂ ಅರಚದೆಯೇ ಹಚ್ಚಿಸಿಕೊಳ್ಳುತ್ತಾರೆ. ಅದು ಲೆಕ್ಕಕ್ಕಿಲ್ಲ.)

ಶೇಷಪ್ಪ ಭಾವ ನನ್ನ ಅಕ್ಕನ ಗಂಡ. ಹೊಸನಗರದಲ್ಲಿದ್ದಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಆಯುಷ್ಯವನ್ನೆಲ್ಲ ನಿಂತೇ ಕಳೆದವರು. ಈಗ ಅವರು ರಿಟೈರ್ಡ್, ಅವರ ಸಕ್ಕರೆ ಕಾಯಿಲೆ ಮಾತ್ರ ಇನ್ನೂ ಸರ್ವಿಸಿನಲ್ಲಿದೆ.

"ಗೇರೆಣ್ಣೆ ಹಚ್ಕಂಡೆ ಮಾರಾಯ," ಎಂದು ಫೋನಿನಲ್ಲಿ ಹೇಳಿದರು. "ಕುದಿಯಾ ಎಣ್ಣೆ. ಒಂಚೂರೂ ಉರಿ ಇಲ್ಲ. ಈಗಿನ ಹುಡುಗ್ರಾಗಿದ್ರೆ ಅಲ್ಲೇ ಬೀಳ್ತಿದ್ರು."

ನಾನು "ನೀವು ಭಾರಿ ಗಟ್ಟಿ" ಎಂದೆ. ಹಾಗೆಂದು ನನ್ನ ನೆನಪು. ನಾನು ಬರೀ ನಕ್ಕೆ ಎಂದು ಫೋನಿನ ಪಕ್ಕದಲ್ಲೇ ಇದ್ದ ಅಕ್ಕನ ನೆನಪು. ಎರಡರಲ್ಲಿ ಯಾವುದೂ ಒಬ್ಬ ಓದಿದ ಮನುಷ್ಯ ಮಾಡಬೇಕಾದ ಕೆಲಸವಲ್ಲವಾದ್ದರಿಂದ ಈ ವಿವಾದವನ್ನು ಮುಂದುವರಿಸುವುದಿಲ್ಲ.

ಕೆಲವು ದಿನಗಳ ಮೇಲೆ ಅಕ್ಕನ ಫೋನು ಬಂತು. "ಇವ್ರ ಕಾಲಿಂದ ವಾಸ್ನೆ ಬರ್ತಿದೆ ಕಣಾ. ಇವ್ರಿಗೆ ಗೊತ್ತೇ ಆಗ್ತಿಲ್ಲ. ನೀ ಒಂದ್ಸಲ ಬಾ."

ಹೋದೆ. ಹಿಮ್ಮಡಿಗೆ ಹಳೆಯ ಪಂಚೆಯ ತುಂಡು ಸುತ್ತಿದ್ದರು. ಬಿಚ್ಚಿ ತೋರಿಸಿದರು. ಏನು ಕಂಡಿತೆಂದು ವರ್ಣಿಸುವುದಿಲ್ಲ. ನಿಮ್ಮಲ್ಲಿ ಹಲವರು ಈ ಅಂಕಣವನ್ನು ತಿಂಡಿಯ ಹೊತ್ತಿಗೆ ಓದುತ್ತೀರಿ. ಬಿರುಕು ಇದ್ದ ಜಾಗದಲ್ಲಿ ಒಂದು ಗುಂಡಿ ಇತ್ತು ಎಂದರೆ ಸಾಕು. ಆ ಗುಂಡಿಯ ಮೇಲೆ ಭಾರ ಹಾಕಿ ನಿಂತುಕೊಂಡೇ ಭಾವ ನನಗೆ ಕುರ್ಚಿ ಎಳೆದು ಕೊಟ್ಟರು.

ನನಗೆ ಆಗ ನೆನಪಾದದ್ದು ಸಾಗರದ ಒಂದು ಬೋರ್ಡು. ನಾನು ವಾಕಿಂಗ್ ಹೋಗುವ ರಸ್ತೆಯಲ್ಲಿ ಹೊಸದಾಗಿ ಬಿದ್ದದ್ದು: 'ಪಾದ ಚಿಕಿತ್ಸಾ ಕೇಂದ್ರ'. ಮೊದಲ ಸಲ ಓದಿದಾಗ ನಗು ಬಂದಿತ್ತು. ಹಲ್ಲಿಗೆ ಡಾಕ್ಟರು, ಕಣ್ಣಿಗೆ ಡಾಕ್ಟರು, ಸರಿ. ಕಾಲಿಗೂ ಒಬ್ಬರೇ? ಇಡೀ ಮೈ ಹೊರುವ ಕಾಲಿಗೆ ನಾವು ಇದುವರೆಗೆ ಚಪ್ಪಲಿ ಹೊಲಿಯುವವರನ್ನು ಬಿಟ್ಟು ಯಾರನ್ನೂ ಗೊತ್ತುಮಾಡಿಲ್ಲ ಎನ್ನುವುದು ಹೊಳೆದದ್ದು ಆಮೇಲೆ.

ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಹೊರಟೆವು. ದಾರಿಯುದ್ದಕ್ಕೂ ಭಾವ ಕಂಡಕ್ಟರನ ತಪ್ಪುಗಳನ್ನು ನನಗೆ ಪಿಸುಮಾತಿನಲ್ಲಿ ಹೇಳುತ್ತಿದ್ದರು. (ಪಿಸುಮಾತು ಎಂಬುದು ಅವರ ಅಭಿಪ್ರಾಯ. ಡ್ರೈವರ್ ಕೂಡ ತಿರುಗಿ ನೋಡಿದ.)

ಬೋರ್ಡು ಬದಲಾಗಿತ್ತು. 'ಪಾದ' ಇತ್ತು, 'ಕೇಂದ್ರ' ಇತ್ತು. ನಡುವಿನ 'ಚಿಕಿತ್ಸಾ' ಎಂಬುದರ ಮೇಲೆ ಕಂದು ಕಾಗದ ಅಂಟಿಸಿತ್ತು.

ಒಳಗಿದ್ದವಳು ಸಹನಾ. ಕೋಣಂದೂರಿನ ಹುಡುಗಿ. ಹೊರರಾಜ್ಯದಲ್ಲಿ ಕಾಲಿನ ಆರೈಕೆಯನ್ನೇ ವಿಷಯವಾಗಿ ಓದಿ, ಸಕ್ಕರೆ ಕಾಯಿಲೆಯವರ ಕಾಲುಗಳನ್ನು ನೋಡುವ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವಳು. ಅವಳ ಸರ್ಟಿಫಿಕೇಟು ಗೋಡೆಯ ಮೇಲಿತ್ತು. ಅದರ ಪಕ್ಕದಲ್ಲಿ, ಅದಕ್ಕಿಂತ ದೊಡ್ಡ ಫ್ರೇಮಿನಲ್ಲಿ, ಊರಿನ ಆಡಳಿತ ಕೊಟ್ಟ ವ್ಯಾಪಾರ ಪರವಾನಗಿ. ಭಾವ ಹಳೆಯ ಅಭ್ಯಾಸದಂತೆ ಅದನ್ನು ಹತ್ತಿರ ಹೋಗಿ, ಪಾಸು ಪರೀಕ್ಷೆ ಮಾಡುವವರಂತೆ ಓದಿದರು.

"ಉದ್ಯಮದ ಸ್ವರೂಪ: ಬ್ಯೂಟಿ ಪಾರ್ಲರ್." ನನ್ನ ಕಡೆ ತಿರುಗಿದರು. "ಅಲ್ಲ ಮಾರಾಯ, ಈ ವಯಸ್ಸಲ್ಲಿ ನನ್ನನ್ನ ಬ್ಯೂಟಿ ಪಾರ್ಲರಿಗೆ ಕರ್ಕಂಡ್ ಬಂದ್ಯಲ್ಲ."

"ಹುಬ್ಬೂ ಸರಿ ಮಾಡ್ಸಿ," ಎಂದಳು ಅಕ್ಕ. "ಬಂದಿದ್ದೇ ಬಂದಿದ್ದು."

ಸಹನಾ ನಗಲಿಲ್ಲ. ಈ ಜೋಕನ್ನು ಅವಳು ಎಷ್ಟು ಸಲ ಕೇಳಿದ್ದಳೋ. "ಅರ್ಜಿಯಲ್ಲಿ ಕಾಲಿಗೆ ಅಂತ ಜಾಗ ಇರ್ಲಿಲ್ಲ ಸರ್," ಎಂದಳು. "ಪೆಡಿಕ್ಯೂರ್ ಇತ್ತು. ಅದು ಪಾರ್ಲರ್ ಕೆಳಗೆ ಬರುತ್ತೆ. ಅದ್ರಲ್ಲೇ ಸೇರಿಸಿದ್ರು. ಹೋದ ವಾರ ಇನ್ನೊಂದು ಆಫೀಸಿಂದ ಬಂದಿದ್ರು. ಪಾರ್ಲರ್ ಲೈಸೆನ್ಸ್ ಇಟ್ಕೊಂಡು ಚಿಕಿತ್ಸೆ ಅಂತ ಬರೆಯೋ ಹಾಗಿಲ್ಲ ಅಂದ್ರು. ಕಾಗದ ಅಂಟಿಸ್ದೆ."

ಆಮೇಲೆ ಭಾವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅಕ್ಕ ಬಟ್ಟೆ ಸರಿಸಿ ತೋರಿಸಿದ ಗಾಯವನ್ನು ನೋಡಿ, ಉರಿಯದ ಗೇರೆಣ್ಣೆಯ ಕಥೆಯನ್ನು ಭಾವನ ಬಾಯಿಂದಲೇ ಕೇಳಿ, ಒಂದು ನೈಲಾನ್ ಎಳೆ ತೆಗೆದಳು. ಮೀನು ಹಿಡಿಯುವ ದಾರದ ತುಂಡಿನ ಹಾಗಿತ್ತು. ಗಾಯದ ಹತ್ತಿರ ಹೋಗಲಿಲ್ಲ. ಬೆರಳುಗಳ ತುದಿಗೆ, ಅಂಗಾಲಿಗೆ, ಎರಡೂ ಪಾದಗಳಿಗೆ ಆ ಎಳೆಯನ್ನು ಒತ್ತಿ ನೋಡುತ್ತೇನೆ, ಕಣ್ಣು ಮುಚ್ಚಿಕೊಂಡು, ಗೊತ್ತಾದಾಗ ಹೇಳಿ ಎಂದಳು.

ಭಾವ ಕಣ್ಣು ಮುಚ್ಚಿದರು. ಸಹನಾ ಎಳೆಯನ್ನು ಬಲ ಹೆಬ್ಬೆರಳಿಗೆ ಒತ್ತಿದಳು. ಎಳೆ ಬಾಗಿತು. ಭಾವ ಸುಮ್ಮನಿದ್ದರು. ತೆಗೆದಳು.

"ಹ್ಞಾಂ, ರೈಟ್," ಎಂದರು ಭಾವ.

ಎಡ ಅಂಗಾಲಿಗೆ ಒತ್ತಿದಳು. ಸುಮ್ಮನಿದ್ದರು. ಎಳೆಯನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಯೂ ಮುಟ್ಟದೆ, "ಈಗ?" ಎಂದಳು.

"ರೈಟ್ ರೈಟ್."

ಬಸ್ಸು ಬಿಡಿಸುವ ಆ ದನಿಯಲ್ಲಿ ಸ್ವಲ್ಪವೂ ಅನುಮಾನವಿರಲಿಲ್ಲ. ಅಕ್ಕ ನಗುವುದನ್ನು ನಿಲ್ಲಿಸಿ ಅವರ ಕಾಲನ್ನೇ ನೋಡತೊಡಗಿದ್ದಳು.

ಸಹನಾ ಎಳೆಯನ್ನು ಡಬ್ಬಿಗೆ ಹಾಕಿದಳು. "ಎರಡೂ ಕಾಲಲ್ಲಿ ಸ್ಪರ್ಶ ಹೋಗಿದೆ. ಎಣ್ಣೆ ಉರೀಲಿಲ್ಲ ಅಂದ್ರಲ್ಲ, ಅದಕ್ಕೇ. ಗಾಯ ಆಳ ಇದೆ. ಇವತ್ತೇ ಆಸ್ಪತ್ರೆಗೆ ಹೋಗಿ, ಸರ್ಜನ್‌ಗೆ ಫೋನ್ ಮಾಡ್ತೀನಿ. ಬಿಟ್ರೆ ಮೂಳೆಗೆ ಹೋಗುತ್ತೆ. ಆಮೇಲೆ ಕಾಲು ಉಳಿಸೋದು ಕಷ್ಟ."

"ಬಲಗಾಲು ಏನೋ ಸರಿ," ಎಂದರು ಭಾವ. "ಎಡಗಾಲಿಗೆ ಎಂತ ಆಗಿದೆ? ಕಲ್ಲಿನಂಗಿದೆ."

ಅವರಿಗೆ ಆಸ್ಪತ್ರೆ ಎಂದರೆ ಆಗದು. ಅವರ ಜೊತೆಯ ಡ್ರೈವರ್ ಒಬ್ಬರು ಬೆರಳು ತೋರಿಸಲು ಹೋಗಿ ಮೊಣಕಾಲಿನವರೆಗೆ ಕಳೆದುಕೊಂಡು ಬಂದಿದ್ದರು. ಆಸ್ಪತ್ರೆಗೆ ಹೋದದ್ದರಿಂದ ಕಾಲು ಹೋಯಿತು ಎಂಬುದು ಭಾವನ ತೀರ್ಮಾನ. ತಡವಾಗಿ ಹೋದದ್ದರಿಂದ ಎಂದು ಹೇಳಿ ನಾನು ಸೋತಿದ್ದೇನೆ.

"ನೀನೇ ತೊಳ್ದು ಪಟ್ಟಿ ಕಟ್ಬಿಡಮ್ಮ," ಎಂದರು.

"ನಾನು ಗಾಯ ಮುಟ್ಟೋ ಹಾಗಿಲ್ಲ ಅಜ್ಜ."

"ಮುಟ್ಟೋಹಂಗಿಲ್ಲ ಅಂದ್ರೆ ಅಂಗ್ಡಿ ಎಂತಕ್ಕೆ ತೆಗ್ದಿದ್ದು?"

ಆಗ ನಾನು ನಡುವೆ ಬಂದೆ. ಯಾರೂ ನೋಡುವುದಿಲ್ಲ, ನಿಮಗೆ ಗೊತ್ತಿರುವ ಕೆಲಸವೇ ಅಲ್ಲವಾ, ಮಾಡಿಬಿಡಿ ಎಂದೆ. ಮೆದುವಾಗಿಯೇ ಹೇಳಿದೆ ಅಂದುಕೊಂಡಿದ್ದೇನೆ.

"ಸರ್, ನೀವೇ ಬರ್ದಿದ್ರಲ್ಲ," ಎಂದಳು ಸಹನಾ. "ಲೈಸೆನ್ಸ್ ಇಲ್ದೆ ರೋಗಿ ಮೈಮೇಲೆ ಕೈ ಇಡೋರನ್ನ ಮೊದಲ ದಿನಾನೇ ಬಾಗಿಲು ಹಾಕಿಸ್ಬೇಕು ಅಂತ. ನಮ್ಮಪ್ಪ ಓದಿ ಹೇಳಿದ್ರು."

ಬರೆದಿದ್ದೆ. ನಕಲಿ ಡಾಕ್ಟರುಗಳ ಬಗ್ಗೆ, ಇದೇ ಜಾಗದಲ್ಲಿ. ನಿಮ್ಮಲ್ಲಿ ಹಲವರು ಮೆಚ್ಚಿ ಮೆಸೇಜ್ ಕಳಿಸಿದ್ದಿರಿ. ನಾನು ಈಗಲೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ಸಕ್ಕರೆಯವರ ಕಾಲಿಗೆ ಕತ್ತರಿ ಹಾಕಬಹುದು ಎಂದರೆ ನಾನು ಒಪ್ಪುವವನಲ್ಲ. ಹಾಗಾದರೆ ಆ ಹೊತ್ತು ನಾನು ಕೇಳಿದ್ದೇನು? ಕಾನೂನು ಇರಲಿ, ನಮ್ಮ ಭಾವನಿಗೆ ಮಾತ್ರ ಬೇಡ ಎಂದು. ಕಾನೂನಿನ ಬಗ್ಗೆ ನಮ್ಮೆಲ್ಲರ ಅಭಿಪ್ರಾಯವೂ ಒಳಗೊಳಗೆ ಇಷ್ಟೇ ಇರಬಹುದೇ?

ಭಾವ ಅಷ್ಟರಲ್ಲಿ ಕುರ್ಚಿಯಿಂದ ಇಳಿದಿದ್ದರು. "ಕೋಣಂದೂರು ಸಂತೇಲಿ ಕಾಲಿನ ಆಣಿ ಕೀಳೋನು ಕೂರ್ತಾನೆ. ಬ್ಲೇಡು ಇಟ್ಕಂಡು, ಸೀದಾ ಕೆಲ್ಸ. ಅವ್ನ ಯಾರಾದ್ರೂ ಲೈಸೆನ್ಸ್ ಕೇಳಿದಾರಾ? ಅಲ್ಲಿಗೇ ಹೋಗ್ತೀನಿ."

ಹೊರಗೆ ಹೋದರು. ನಮ್ಮ ಮೂವರ ಚಪ್ಪಲಿಗಳೂ, ಒಳಗೆ ಪೆಡಿಕ್ಯೂರಿಗೆ ಕಾಯುತ್ತಿದ್ದ ಇಬ್ಬರು ಹುಡುಗಿಯರ ಚಪ್ಪಲಿಗಳೂ ಬಾಗಿಲಲ್ಲಿ ಕಲಸಿಹೋಗಿದ್ದವು. ಭಾವ ಬಗ್ಗಿ, ಬಟ್ಟೆ ಸುತ್ತಿದ್ದ ಬಲಗಾಲಿಗೆ ಜೋಪಾನವಾಗಿ ಚಪ್ಪಲಿ ಸಿಕ್ಕಿಸಿಕೊಂಡರು. ಎಡಗಾಲನ್ನು ಅಂದಾಜಿನ ಮೇಲೆ ತೂರಿಸಿ, ಬಸ್‌ಸ್ಟ್ಯಾಂಡಿನ ಕಡೆಗೆ ನಡೆದೇಬಿಟ್ಟರು. ನಾನು ಹಿಂದೆ ಓಡಿದೆ. ಆಟೋ ಕರೆಯುತ್ತೇನೆ ಎಂದೆ, ಕೇಳಲಿಲ್ಲ. ರಸ್ತೆ ದುರಸ್ತಿಗೆಂದು ಜಲ್ಲಿ ಸುರಿದಿದ್ದರು. ಭಾವ ಅದರ ಮೇಲೆ ದಾಪುಗಾಲು ಹಾಕುತ್ತ, ಆಣಿ ಕೀಳುವವನ ಕೈಗುಣವನ್ನು ವಿವರಿಸುತ್ತಿದ್ದರು.

ಅಕ್ಕ ಹಿಂದೆ ಬರುತ್ತಿದ್ದಳು. ಒಂದು ಕೈ ಸೆರಗಿನೊಳಗಿತ್ತು.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಭಾವ ಕೂತರು. ಅಕ್ಕ ಬಂದು ಎದುರು ನಿಂತಳು. ಸೆರಗಿನ ಅಡಿಯಿಂದ ಒಂದು ಚಪ್ಪಲಿ ತೆಗೆದು ಅವರ ಮುಂದೆ ಇಟ್ಟಳು.

"ಇದು ಯಾರದ್ದು?"

ಭಾವ ಚಪ್ಪಲಿಯನ್ನು ನೋಡಿದರು. ಆಮೇಲೆ ತಮ್ಮ ಎಡಗಾಲನ್ನು ನೋಡಿಕೊಂಡರು. ಕಲ್ಲಿನಂತಿದ್ದ ಎಡಗಾಲು. ಬರಿಗಾಲು. ಬೆರಳಸಂದಿಯಲ್ಲಿ ಒಂದು ಜಲ್ಲಿಯ ಚೂರು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು, ಅಂಗೈಯಲ್ಲಿಟ್ಟು ನೋಡಿದರು.

(ಚಪ್ಪಲಿ ಇಲ್ಲದ್ದು ತಮಗೆ ಗೊತ್ತಿತ್ತೆಂದೂ, ನಾವು ಗಮನಿಸುತ್ತೇವೋ ಇಲ್ಲವೋ ಎಂದು ನೋಡುತ್ತಿದ್ದುದಾಗಿಯೂ ಭಾವ ಈಗ ಹೇಳುತ್ತಾರೆ. ಕೆಲವು ವರ್ಷ ಹೋದರೆ ನಾನೂ ಅದನ್ನೇ ನಂಬಬಹುದು. ಅದಕ್ಕೇ ಈಗ ಬರೆದಿಡುತ್ತಿದ್ದೇನೆ.)

ಕೋಣಂದೂರಿನ ಬಸ್ಸು ಬಂತು, ಹೋಯಿತು.

"ಆಸ್ಪತ್ರೆ ಎಲ್ಲಿ ಅಂದ್ಲು ಆ ಹುಡುಗಿ?" ಎಂದರು ಭಾವ. ಸಾಗರದಲ್ಲಿ ಆಸ್ಪತ್ರೆ ಎಲ್ಲಿದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಸರ್ಜನ್ ಮೂಳೆಗೆ ಇನ್ನೂ ತಲುಪಿಲ್ಲ ಎಂದರು. ಸತ್ತ ಚರ್ಮವನ್ನೆಲ್ಲ ಕತ್ತರಿಸಿ ತೆಗೆದರು, ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಕಳಿಸುವ ದಿನ ನನ್ನನ್ನು ಕರೆದು ಹೇಳಿದರು: "ಕಾಲು ಉಳೀತು. ಆದ್ರೆ ಇಂಥ ಕಾಲನ್ನ ವಾರವಾರ ಯಾರಾದ್ರೂ ತೊಳ್ದು, ನೋಡಿ, ಒತ್ತಡ ಬೀಳದ ಹಾಗೆ ಚಪ್ಪಲಿ ಸರಿ ಮಾಡಿ ಕೊಡ್ಬೇಕು. ನಮಗೆಲ್ಲಿ ಟೈಮು? ಫೋನ್ ಮಾಡಿದ್ಲಲ್ಲ, ಸಹನಾ, ಅವಳ ಹತ್ರ ಹೋಗಿ. ಅವಳು ಓದಿರೋದೇ ಅದನ್ನ."

ಅವಳು ಮುಟ್ಟುವ ಹಾಗಿಲ್ಲವಂತಲ್ಲ ಎಂದೆ.

"ನನ್ನ ಸೂಚನೆ ಮೇಲೆ ಮಾಡ್ಲಿ. ನಾನು ಬರ್ಕೊಡ್ತೀನಿ."

ಹೀಗೆ ಭಾವ ವಾಪಸ್ ಅಲ್ಲಿಗೇ ಬಂದರು.

ನಾನು ಸುಮ್ಮನಿರಲಾರದೆ ಎರಡು ಆಫೀಸಿಗೆ ಹೋಗಿ ವಿಚಾರಿಸಿದೆ. ಒಂದು ಕಡೆ, "ಯಾವ ಪದ್ಧತಿ ಸಾರ್? ಅಲೋಪತಿಯಾ, ಆಯುರ್ವೇದವಾ?" ಎಂದು ಕೇಳಿದರು. ಕಾಲು ಎಂದೆ. ಬರೆದುಕೊಳ್ಳಲು ಎತ್ತಿದ ಪೆನ್ನನ್ನು ಅವರು ಕೆಳಗಿಟ್ಟರು. ಇನ್ನೊಂದು ಕಡೆಯವರು ತಿಳಿದವರು, ಸೌಜನ್ಯದವರು. ಇಂಥ ವೃತ್ತಿಗಳಿಗೆಂದೇ ದೆಹಲಿಯಲ್ಲಿ ಕಾನೂನು ಆಗಿದೆ, ಅದರಲ್ಲಿ ಕಾಲಿನವರ ಹೆಸರೂ ಇದೆ, ರಾಜ್ಯದಲ್ಲಿ ಈ ವಿಭಾಗದ ನೋಂದಣಿ ಇನ್ನೂ ಶುರುವಾಗಿಲ್ಲ ಎಂದರು. (ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ತಪ್ಪಿದ್ದರೆ ಬಲ್ಲವರು ತಿದ್ದಿ.) ಅಲ್ಲಿಯವರೆಗೆ ಅವಳು ಏನು ಮಾಡಬೇಕು ಎಂದು ಕೇಳಿದೆ. "ಪಾರ್ಲರ್ ಲೈಸೆನ್ಸ್ ಇದೆಯಲ್ಲ ಸಾರ್. ಅದು ಊರ್ಜಿತ ಇದೆ," ಎಂದರು.

ಮೊನ್ನೆ ಭಾವನ ಪಟ್ಟಿ ಬಿಚ್ಚಿದ ದಿನ ನಾನೂ ಹೋಗಿದ್ದೆ. ಹಿಮ್ಮಡಿಯಲ್ಲಿ ಹೊಸ ಚರ್ಮ ಬಂದಿತ್ತು, ತೆಳ್ಳಗೆ, ಮಗುವಿನ ಕೆನ್ನೆಯ ಬಣ್ಣ. ಪಕ್ಕದ ಕುರ್ಚಿಯಲ್ಲಿ ಮದುವೆಯ ಹುಡುಗಿಯೊಬ್ಬಳು ಉಗುರಿಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದಳು. ಭಾವ ಅವಳಿಗೆ ತಮ್ಮ ಎರಡೂ ಕಾಲುಗಳನ್ನು ತೋರಿಸಿ, ನಿಮ್ಮಪ್ಪನಿಗೆ ಸಕ್ಕರೆ ಇದ್ರೆ ಗೇರೆಣ್ಣೆ ಹಚ್ಚಕೆ ಬಿಡಬೇಡ ಎಂದು ಹೇಳುತ್ತಿದ್ದರು. ಅವಳು ಕಾಲು ಅಲ್ಲಾಡಿಸುವ ಹಾಗಿರಲಿಲ್ಲವಾದ್ದರಿಂದ ಪೂರ್ತಿ ಕೇಳಿಸಿಕೊಂಡಳು.

ಆಮೇಲೆ ಸಹನಾಳ ಕಡೆ ತಿರುಗಿದರು. "ಗೇರೆಣ್ಣೆ ಮಾರಾಕೆ ಲೈಸೆನ್ಸ್ ಬೇಕೇನಮ್ಮ?"

"ಯಾರೂ ಕೇಳಿದ್ದು ನೋಡಿಲ್ಲ ಅಜ್ಜ."

"ಹಚ್ಚಿ ಸುಡಾಕೆ?"

"ಕೇಳಲ್ಲ."

"ಸುಟ್ಟಿದ್ನ ತೊಳ್ಯಾಕೆ?"

ಸಹನಾ ಅವರ ಎಡಗಾಲಿನ ಚಪ್ಪಲಿಗೆ ತಾನೇ ಹೊಲಿಸಿದ್ದ ಹಿಂಬದಿಯ ಪಟ್ಟಿಯನ್ನು ಬಿಗಿ ಮಾಡಿದಳು. ಇನ್ನು ಅದು ಅವರಿಗೆ ತಿಳಿಯದಂತೆ ಕಳಚುವುದಿಲ್ಲ.

ಬೋರ್ಡಿನ ಮೇಲೆ ಕಂದು ಕಾಗದ ಹಾಗೇ ಇದೆ. ಆದ್ದರಿಂದ ಸರ್ಕಾರದ ಮಟ್ಟಿಗೆ ನಮ್ಮ ಭಾವನ ಕಾಲು ಇನ್ನೂ ವಾಸಿಯಾಗಿಲ್ಲ, ಚೆಂದವಾಗಿದೆ, ಅಷ್ಟೆ.