ನಿಮ್ಮ ಅನುಕೂಲ ನೋಡಿಕೊಂಡು

ಹಿಂದೂಪುರದಲ್ಲಿ ನಮ್ಮ ಮನೆಯ ಹಿಂದಿನ ಬೀದಿ ಮಗ್ಗದವರದು. ಎಂಬತ್ತರ ದಶಕದ ನಡುವೆ ಆ ಬೀದಿಯ ಒಬ್ಬಾಕೆ ಕುವೈತಿಗೆ ಮನೆಗೆಲಸಕ್ಕೆ ಹೋದಳು. ಎರಡು ವರ್ಷದ ಕರಾರು ಮುಗಿದರೂ ಬರಲಿಲ್ಲ. ಅವಳ ಪಾಸ್‌ಪೋರ್ಟು ಅಲ್ಲಿಯ ಯಜಮಾನಿಯ ಬೀರುವಿನಲ್ಲಿತ್ತು. ಇತ್ತ ಕಲ್ಯಾಣದುರ್ಗದಲ್ಲಿ ಅವಳ ತಾಯಿ ಹಾಸಿಗೆ ಹಿಡಿದು, ಮಗಳನ್ನು ಒಂದು ಸಲ ನೋಡಬೇಕೆನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವಳ ಗಂಡ ತನ್ನ ತಾಯಿಯೊಂದಿಗೆ ನಮ್ಮ ಮೆಟ್ಟಿಲ ಬಳಿ ಬಂದು ನಿಂತ. ಲುಂಗಿಗೆ ಹಸಿರು ರೇಷ್ಮೆಯ ಎಳೆಗಳು ಅಂಟಿದ್ದವು.

"ಅಮ್ಮಾ, ಆ ಮೇಡಂಗೆ ಇಂಗ್ಲೀಷ್‌ನಾಗೆ ಒಂದ್ ಲೆಟರ್ ಬರ್ಕೊಡ್ರಮ್ಮ. ನೀವ್ ಕಾನ್ವೆಂಟ್‌ನಾಗೆ ಓದಿರೋರು."

"ಕಳ್ಸೋವಾಗ ಹಲ್ ಕಿರ್ಕೊಂಡು ಬಸ್ ಹತ್ತಿಸ್ಬುಟ್ಟ. ಈಗ ಲೆಟರ್ ಅಂತೆ," ಎಂದಳು ಅವನ ತಾಯಿ.

"ನೀನ್ ಸುಮ್ಕಿರಮ್ಮೋ. ಜೋರಾಗಿ ಬರೀರಮ್ಮ, ಕಳಿಸ್ಲೇಬೇಕು ಅಂತ."

ನನಗೆ ಜೋರಾಗಿ ಬರೆಯಲು ಬರುತ್ತಿರಲಿಲ್ಲ. ಸಿಸ್ಟರುಗಳು ನಮಗೆ ಕಲಿಸಿದ್ದು ರಜೆಯ ಅರ್ಜಿ. ಮೊದಲು ವಂದನೆ, ಆಮೇಲೆ ಕಾರಣ, ಕೊನೆಗೆ ಬಿನ್ನಹ. ಕಾಗದದಲ್ಲಿ ಯಾರಿಗೂ ಆಜ್ಞೆ ಮಾಡಬಾರದು. ತಾಯಿಯ ಕಾಯಿಲೆ ಬರೆದೆ. ದಯವಿಟ್ಟು ಕಳಿಸಿಕೊಡಿ ಎಂದು ಬರೆದೆ. ಸಾಲು ಗಿಡ್ಡವಾಗಿ ಕಂಡಿತು. 'ಅಟ್ ಯುವರ್ ಕನ್ವೀನಿಯನ್ಸ್' ಎಂದು ಸೇರಿಸಿದೆ. ನಿಮ್ಮ ಅನುಕೂಲ ನೋಡಿಕೊಂಡು. ಅವನಿಗೆ ಓದಿ ಅರ್ಥ ಹೇಳುವಾಗ ಆ ತುಂಡನ್ನು ಬಿಟ್ಟೆ. ಅದು ಬರೀ ಮರ್ಯಾದೆಗೆ ಹಾಕುವ ಮಾತಲ್ಲವೇ ಎಂದುಕೊಂಡಿದ್ದೆ.

ಐದು ವಾರಕ್ಕೆ ಜವಾಬು ಬಂತು. ದಪ್ಪ ಕಾಗದ, ಟೈಪು ಮಾಡಿದ್ದು. ನನ್ನ ಪತ್ರ ಓದಿ ಯಜಮಾನಿಗೆ ಬಹಳ ಸಂತೋಷವಾಯಿತಂತೆ. ನೀವೇ ಬರೆದಂತೆ ನಮ್ಮ ಅನುಕೂಲ ನೋಡಿದೆವು, ಮಕ್ಕಳ ಪರೀಕ್ಷೆ ಇದೆ, ಅದರ ಹಿಂದೆಯೇ ನನ್ನ ಹೆರಿಗೆ, ಎರಡೂ ಆದ ಮೇಲೆ ಕಳಿಸುತ್ತೇವೆ ಎಂದಿತ್ತು.

"ಏನಂತಮ್ಮಾ?"

"ಪರೀಕ್ಷೆ, ಹೆರಿಗೆ ಎಲ್ಲ ಮುಗಿಯಬೇಕಂತೆ."

"ಹೋಗ್ಲಿ ಬುಡಿ, ಜವಾಬಾದ್ರೂ ಬಂತಲ್ಲ. ಬ್ಯಾರೆಯೋರ್ಗೆ ಅದೂ ಇಲ್ಲ." ಅವನು ಕಾಗದವನ್ನು ಎರಡು ಕೈಯಲ್ಲಿ ಇಸಿದುಕೊಂಡ.

ಅನುಕೂಲದ ಆ ಮಾತಿಲ್ಲದೆ ಇನ್ನೊಂದು ಪತ್ರ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಪೇಟೆಗೆ ಹೊಸ ಹುಣಸೆಹಣ್ಣು ಬರುವ ಹೊತ್ತಿಗೆ ಕಲ್ಯಾಣದುರ್ಗದ ತಾಯಿ ತೀರಿಕೊಂಡರು. ಮಗಳು ಬಂದದ್ದು ಅದಾಗಿ ನಾಲ್ಕು ತಿಂಗಳಿಗೆ.

ನನಗೆಂದು ಸೋಪು ತಂದಿದ್ದಳು. ಮೂರು ಸಲ ಹೇಳಿದ ಮೇಲೆ ಕೂತಳು. ಮಾತಾಡುತ್ತಲೇ ನಮ್ಮ ಮೇಜಿನ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದಳು.

"ನಿಮ್ ಲೆಟರ್‌ನ ನಮ್ ಮೇಡಂ ಮನೆಗ್ ಬಂದೋರ್ಗೆಲ್ಲ ತೋರ್ಸೋರು ಕಣಮ್ಮ. ಎಷ್ಟ್ ಮರ್ಯಾದಸ್ತರು ನೋಡಿ ಅಂತ. ಆವತ್ತಿಂದ ನನ್ನ ಬೈಯೋದೂ ಕಮ್ಮಿ ಮಾಡ್ಬುಟ್ರು." ಮೇಜಿನ ಇನ್ನೊಂದು ಮೂಲೆ ಒರೆಸಿದಳು. "ನಮ್ಮಮ್ಮನ್ನ ನೋಡಾಕಾಗ್ಲಿಲ್ಲ, ಅಷ್ಟೇಯಾ."

ಆ ಒಂದು ಸಾಲಿನ ವಿಷಯ ಅವಳಿಗೆ ಹೇಳಬೇಕಿತ್ತು. ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆ.